ಹೆಸರು ಕೇಳಿ ಹಾಡುವವಳು

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯೊಳಗೆ ನಿಲ್ಲುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮಗನ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ್ದಾಳೆ. ಭಾಲ್ಕಿಯ ದವಾಖಾನೆಯಲ್ಲಿ ನರ್ಸಮ್ಮ ಕೂಸನ್ನು ತಂದು ನನ್ನ ಕೈಗೆ ಕೊಟ್ಟಾಗ ದೇವರಿಗೆ ಸ್ತೋತ್ರ ಹೇಳುವುದನ್ನೂ ಮರೆತು, "ಅಯ್ಯ, ಉಗುರ ನೋಡ್ರಿ, ಉಗುರ!" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆನಂತೆ. ಏನು ಮಾಡಲಿ, ಉಗುರು ಹಾಗೇ ಇದ್ದವು. ಜೋಳದ ಕಾಳಿನ ಮೂತಿಯಷ್ಟು. ಹೆಸರು ಕೃಪಾ. ನಾನೇ ಆರಿಸಿದ್ದು. ಈಗ ಕಣ್ಣು ಹಾಯಿಸಿ ನೋಡುತ್ತಾಳೆ, ನಾನು ಬಲಕ್ಕೆ ಹೋದರೆ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಹಾಗೆಲ್ಲ ಆಗಲೇ ನೋಡುವುದಿಲ್ಲ ಎಂದು ಸೊಸೆ ಹೇಳುತ್ತಾಳೆ. ಆಕೆ ನರ್ಸು, ಆಕೆಗೆ ಓದಿದ್ದು ಗೊತ್ತು. ನನಗೆ ಕಂಡದ್ದು ಗೊತ್ತು.

ಇಷ್ಟು ಸಂತೋಷದೊಳಗೆ ಕುಳಿತು ನಾನು ಸತ್ತವಳೊಬ್ಬಳ ಬಗ್ಗೆ ಬರೆಯಬೇಕಾಗಿದೆ. ತೊಟ್ಟಿಲ ಕಾರ್ಯ ಮುಗಿದ ದಿನದಿಂದ ಆಕೆ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಆಕೆ ನಮ್ಮೂರಿನ ಹಾಡುವಾಕೆ. ನಮ್ಮೂರು ಔರಾದ ತಾಲೂಕಿನ ಕೊನೆಗೆ, ಡಾಬಕಾದ ಹತ್ತಿರ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಬಸ್ಸಿನ ಬೋರ್ಡೇ ಮರಾಠಿಗೆ ತಿರುಗುತ್ತದೆ. ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇವಿನ ಮರ. ಆಕೆಯ ಮನೆಯವರು ಹಣೆಗೆ ವಿಭೂತಿ ಹಚ್ಚುವವರು, ನಾವು ಭಾನುವಾರ ಚರ್ಚಿಗೆ ಹೋಗುವವರು. ನಾನು ಮಿಷನ್ನಿನವರ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿ, ಆಮೇಲೆ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಬದುಕಿದವಳು. ಆಕೆ ಅದನ್ನೂ ಓದಿರಲಿಲ್ಲ. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಹೆಸರು ಬರೆಯಲು ನನಗೆ ಮುಖವಿಲ್ಲ. ಯಾಕೆ ಎನ್ನುವುದು ಓದುತ್ತ ಹೋದಂತೆ ತಿಳಿಯುತ್ತದೆ.

ಅಕ್ಕ ಕುಳ್ಳಿ. ಗಂಡ ಹೋಗಿ ಬಹಳ ಕಾಲವಾಗಿತ್ತು. ಒಬ್ಬ ಮಗನಿದ್ದ, ಅವನೂ ಸಣ್ಣವನಿದ್ದಾಗಲೇ ಜ್ವರದಲ್ಲಿ ಹೋದ. ನೆಗೆಣ್ಣಿಯ ಜೊತೆ, ಅಂದರೆ ಗಂಡನ ತಮ್ಮನ ಹೆಂಡತಿಯ ಜೊತೆ, ಒಂದೇ ಮನೆಯಲ್ಲಿ ಎರಡು ಒಲೆ ಹೂಡಿಕೊಂಡಿದ್ದಳು. ಹಾಡುವಾಗ ಎಡಗೈಯಿಂದ ಎಡಗಿವಿ ಮುಚ್ಚಿಕೊಳ್ಳುತ್ತಿದ್ದಳು. "ಒಂದ ಕಿವಿ ನನಗ, ಒಂದ ಕಿವಿ ಮಂದಿಗ" ಎನ್ನುತ್ತಿದ್ದಳು. ತಂಬಾಕು ಸುಟ್ಟು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಿಶ್ರಿಯ ಚಟವಿತ್ತು. ಅದನ್ನು ಬಿಡು ಎಂದು ನಾನು ಹೇಳಿದಾಗಲೆಲ್ಲ, "ನೀ ಚಾ ಬಿಡು, ನಾ ಇದು ಬಿಡ್ತೇನಿ" ಎಂದು ನಗುತ್ತಿದ್ದಳು. ನಾನು ಚಹಾ ಬಿಡಲಿಲ್ಲ.

ಆಕೆಯ ಹಾಡಿನ ರೀತಿಯೇ ಬೇರೆ. ಮದುವೆಯಿರಲಿ, ಸೀಮಂತವಿರಲಿ, ತೊಟ್ಟಿಲವಿರಲಿ, ಆ ಮನೆಯವರ ಹೆಸರುಗಳನ್ನು ಕೇಳದೆ ಬಾಯಿ ತೆರೆಯುತ್ತಿರಲಿಲ್ಲ. ಕರೆದ ಮನೆಗೆ ಬೆಳಿಗ್ಗೆಯೇ ಹೋಗುವುದು, ಮನೆಯ ಹಿರಿಯ ಹೆಂಗಸಿನ ಪಕ್ಕ ಕೂತು ರೊಟ್ಟಿ ತಿನ್ನುವುದು, ತಿನ್ನುತ್ತ ತಿನ್ನುತ್ತ ಅಜ್ಜ ಯಾರು, ಮುತ್ತಜ್ಜ ಯಾರು, ಸೋದರಮಾವ ಎಲ್ಲಿಯವ ಎಂದು ಒಂದೊಂದೇ ಕೇಳುವುದು. ಸಂಜೆ ಹಾಡಿಗೆ ಕೂತರೆ ಆ ಹೆಸರೆಲ್ಲ ತಂತಮ್ಮ ಜಾಗಕ್ಕೆ ಬಂದು ಕೂಡುತ್ತಿದ್ದವು. ತೊಟ್ಟಿಲ ಪದ ಹೀಗೆ ಶುರುವಾಗುತ್ತಿತ್ತು:

ಎಳಿಬಿಸಲ ಬಂತವ್ವ ನಡುಮನಿ ಹೊಸ್ತಿಲಕ
ಯಾರ ಕೂಸೆಂದು ಕೇಳ್ಯಾವ, ತೊಟ್ಟಿಲ
ದಾರಕ ಕಟ್ಟೀದ ಗಿಣಿಹಿಂಡ

ಗಿಣಿಗಳು ಯಾರ ಕೂಸು ಎಂದು ಕೇಳಿದ ಮೇಲೆ ಅಕ್ಕ ಇಂಥವರ ಮನಿ ಕೂಸ, ಇಂಥವರ ಮಡಿಲ ಕೂಸ, ಇಂಥಾಕಿ ಹಡೆದ ಕೂಸ ಎಂದು ಹೆಸರು ಎತ್ತಬೇಕು. ಒಂದೊಂದು ಹೆಸರು ಬಿದ್ದ ಕೂಡಲೇ ನಾವು ಹಿಂದೆ ಕುಳಿತವರು "ಹೌದವ್ವ ಹೌದ, ನಮ್ಮ ಕೂಸ" ಎಂದು ಸೊಲ್ಲು ಹಿಡಿಯಬೇಕು. ಹೀಗೆ ನಾನು ಆಕೆಯ ಹಿಂದೆ ಸುಮಾರು ನಲವತ್ತು ವರ್ಷ ಸೊಲ್ಲು ಹಿಡಿದೆ. ಚರ್ಚಿನ ಹೆಂಗಸು ಅಲ್ಲೇಕೆ ಹೋಗುತ್ತಾಳೆ ಎಂದು ನಮ್ಮವರಲ್ಲಿ ಕೆಲವರು ಅಂದರು. ನಮ್ಮ ಮನೆಗಳ ಮದುವೆಗೂ ಅಕ್ಕ ಬಂದು ಸಮುವೇಲಪ್ಪ, ರಾಹೇಲಮ್ಮ ಎಂದು ಹೆಸರು ಎತ್ತಿ ಹಾಡತೊಡಗಿದ ಮೇಲೆ ಸುಮ್ಮನಾದರು.

ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ತಮ್ಮನಿಗೆ ಗಂಡುಮಗು. "ದೊಡ್ಡಾಂವನ ಹೆಸರ ಎತ್ತಬ್ಯಾಡ ನೋಡು" ಎಂದು ಮನೆಯವರು ಅಕ್ಕನಿಗೆ ಮೊದಲೇ ತಾಕೀತು ಮಾಡಿದ್ದರು. ಅಕ್ಕ ಹೂಂ ಎಂದಳು. ಹಾಡಿಗೆ ಕೂತಾಗ ಮೊದಲ ಹೆಸರೇ ದೊಡ್ಡಪ್ಪನದು. ಮನೆಯಾಕೆ ಕಣ್ಣು ದೊಡ್ಡದು ಮಾಡಿದಳು.

"ಏ ಯಕ್ಕಾ, ಬ್ಯಾಡಂದಿದ್ವಲ್ಲ!"

"ನೀವ್ ಬ್ಯಾಡಂದ್ರ ಆತ ಕೂಸಿಗೆ ದೊಡ್ಡಪ್ಪ ಅಲ್ಲೇನು? ಹಾಡ ನಿಮ್ದಲ್ಲ, ಕೂಸಿಂದ" ಎಂದು ಮುಂದಿನ ಹೆಸರು ಎತ್ತಿದಳು.

ದೊಡ್ಡಪ್ಪ ಬಂದನೇ? ಬರಲಿಲ್ಲ. ಅಣ್ಣತಮ್ಮಂದಿರು ಇಂದಿಗೂ ಮಾತಾಡುವುದಿಲ್ಲ. ಅಕ್ಕನಿಗೆ ಅದರಿಂದ ಏನೂ ಅನಿಸಲಿಲ್ಲ. ಒಂದು ಮಾಡುವುದು ಆಕೆಯ ಕೆಲಸವಾಗಿರಲಿಲ್ಲ, ಹೆಸರು ಬಿಡದಿರುವುದಷ್ಟೇ ಆಕೆಯ ಕೆಲಸ.

ಇನ್ನೊಂದು ಮನೆಯಲ್ಲಿ ಮೂರನೆಯದೂ ಹೆಣ್ಣು ಎಂದು ಅತ್ತೆ ಮುಖ ಗಂಟು ಹಾಕಿಕೊಂಡು ಹೆಸರೇ ಹೇಳಲಿಲ್ಲ. "ನಮ್ ಮನಿದೇನು ಕೇಳ್ತಿ, ಹ್ಯಾಂಗರೆ ಹಾಡ್ಕೊಂಡ ಹೋಗು" ಎಂದಳು. ಅಕ್ಕ ಬಾಣಂತಿಯ ಹತ್ತಿರ ಕೂತು ಆಕೆಯ ತವರಿನ ಹೆಸರುಗಳನ್ನೆಲ್ಲ ಕೇಳಿಕೊಂಡಳು. ಹಾಡಿನ ತುಂಬ ಬರೀ ತವರಿನವರೇ. ಅಜ್ಜ, ಅಜ್ಜಿ, ಮಾವಂದಿರು, ಕಡೆಗೆ ತವರು ಮನೆಯ ಎಮ್ಮೆ ಕೂಡ ಬಂತು. ನಾವು ಸೆರಗು ಬಾಯಿಗೆ ಒತ್ತಿಕೊಂಡು ಸೊಲ್ಲು ಹಿಡಿದೆವು. ತಡೆಯಲಾರದೆ ಅತ್ತೆ ಒಳಗಿನಿಂದ ಕೂಗಿದಳು, "ಎಮ್ಮಿ ಬಂತು, ನಾ ಬರಲಿಲ್ಲೇನು?"

"ಹೆಸರ ಹೇಳಲಿಲ್ಲಲ್ಲವ್ವಾ ನೀ. ಎಮ್ಮಿ ಕೇಳಿದ ಕೂಡ್ಲೆ ಹೇಳ್ತು."

ಔರಾದದಲ್ಲಿ ಒಮ್ಮೆ ಸರ್ಕಾರದವರ ಕಾರ್ಯಕ್ರಮವಿತ್ತು. ಊರ ಮಾಸ್ತರರು ಅಕ್ಕನ ಹೆಸರು ಕೊಟ್ಟು ವೇದಿಕೆ ಹತ್ತಿಸಿದರು. ಐದು ನಿಮಿಷ ಕೊಟ್ಟಿದ್ದರು. ಅಕ್ಕ ಮೈಕಿನ ಮುಂದೆ ನಿಂತು, ಕುರ್ಚಿಯ ಮೇಲಿದ್ದ ಮೊದಲನೆಯ ಸಾಹೇಬರಿಗೆ, "ನಿಮ್ಮ ತಾಯಿ ಹೆಸರೇನ್ರಿ?" ಎಂದಳು. ಅವರು ಹೇಳಿದರು. ಎರಡನೆಯವರನ್ನು ಕೇಳಿದಳು. ಹೀಗೆ ಸಾಲು ಹಿಡಿದು ಕೇಳುತ್ತ ಹೋಗಿ ಕೊನೆಯ ಕುರ್ಚಿಗೆ ಬರುವಷ್ಟರಲ್ಲಿ ಟೈಮ್ ಮುಗಿಯಿತು ಎಂದು ಗಂಟೆ ಹೊಡೆದರು. ಹಾಡದೆಯೇ ಕೆಳಗಿಳಿದಳು. ಬಸ್ಸಿನಲ್ಲಿ ನಾನು ಬೈದೆ. ಆಕೆ, "ಹಾಡ ಹೋದ್ರ ಹೋಗ್ಲಿ ಬಿಡು, ಇಷ್ಟು ತಾಯಂದ್ರ ಹೆಸರರೆ ಸಿಕ್ಕವಲ್ಲ" ಎಂದಳು. ಊರು ಬರುವವರೆಗೆ ಆ ಹೆಸರುಗಳನ್ನೇ ಬೆರಳು ಮಡಿಚಿ ಮಡಿಚಿ ಹೇಳಿಕೊಂಡಳು.

ನನ್ನ ಮಗ ಪ್ರಭಾಕರ ಭಾಲ್ಕಿಯಲ್ಲಿ ಶಾಲಾ ಮಾಸ್ತರ. ಸೊಸೆ ಎಸ್ತೇರ್ ಅಲ್ಲಿಯೇ ನರ್ಸು. ಮದುವೆಯಾಗಿ ವರ್ಷ ಎರಡು ವರ್ಷ ಎಂದು ಐದಾದವು, ಎಂಟಾದವು. ನಾನು ಚರ್ಚಿನಲ್ಲಿ ಮೊಣಕಾಲೂರಿದೆ, ಅಕ್ಕ ತನ್ನ ದೇವರಿಗೆ ಸೋಮವಾರ ಉಪವಾಸ ಹಿಡಿದಳು. "ನಿನ್ನ ಮೊಮ್ಮಗುವಿನ ತೊಟ್ಟಿಲಕ ನಾನೇ ಹಾಡ್ತೇನಿ. ಅಲ್ಲೀತನ ಸಾಯೋದಿಲ್ಲ" ಎಂದು ಎಲ್ಲರ ಮುಂದೆ ಹೇಳುತ್ತಿದ್ದಳು. ನನಗೆ ಈ ಲೋಕದಲ್ಲಿ ಮತ್ತೇನೂ ಬೇಕಿರಲಿಲ್ಲ. ನಮ್ಮ ಕೂಸು, ಅಕ್ಕನ ಹಾಡು, ಅದರೊಳಗೆ ನಮ್ಮ ಮನೆಯ ಹೆಸರು.

ಆಮೇಲೆ ಅಕ್ಕನ ದನಿ ಒಡೆಯಿತು. ಶೀತ ಎಂದುಕೊಂಡೆವು. ಶುಂಠಿ, ಜ್ಯೇಷ್ಠಮಧು, ಏನೇನೋ ಆಯಿತು. ಕಡೆಗೆ ಎಸ್ತೇರಳೇ ಬೀದರಿನ ದೊಡ್ಡ ದವಾಖಾನೆಗೆ ಕರೆದೊಯ್ದು ತೋರಿಸಿದಳು. ಡಾಕ್ಟರರು ಒಳ್ಳೆಯವರು, ಮುಚ್ಚಿಡಲಿಲ್ಲ.

"ಗಂಟಲದಾಗ ಗಡ್ಡಿ ಅದಮ್ಮಾ. ದನಿ ಪೆಟ್ಟಿಗಿನೇ ತಗೀಬೇಕಾಗ್ತದ."

"ತಗದ ಮ್ಯಾಲ ಹಾಡ್ಲಾಕ ಬರ್ತದೇನ್ರಿ?"

"ಮಾತೇ ಬರಲ್ಲಮ್ಮಾ."

"ಹಂಗಾದ್ರ ನಮ್ ನೆಗೆಣ್ಣಿಗಿ ಒಂದ ಖುಷಿ ಆಗ್ತದ ಬಿಡ್ರಿ" ಎಂದು ಅಕ್ಕ ನಕ್ಕಳು. ಹೊರಗೆ ಬಂದು ನನಗೆ ಹೇಳಿದ್ದು ಒಂದೇ ಮಾತು: "ನಿನ್ನ ತೊಟ್ಟಿಲದ್ದು ಉಳೀತಲ್ಲ."

ಆಪರೇಶನ್ನಿಗೆ ಮೂರು ವಾರವಿತ್ತು. ಹಾಡುಗಳನ್ನು ರೆಕಾರ್ಡ್ ಮಾಡಿಸೋಣ ಎಂದು ಹಠ ಹಿಡಿದವಳು ನಾನು. ಊರ ಮಾಸ್ತರರಿಗೆ ಪರಿಚಯದವರೊಬ್ಬರು ಬೀದರಿನಲ್ಲಿ ಸ್ಟುಡಿಯೋ ಇಟ್ಟಿದ್ದರು. ಮದುವೆಯ ವಿಡಿಯೋ, ಭಜನೆಯ ಹಾಡು ಮಾಡುವವರು, ನಡುವಯಸ್ಸಿನ ಮನುಷ್ಯ. ಹಾಡು ತಮ್ಮ ಚಾನೆಲ್ಲಿಗೆ ಹಾಕಿಕೊಳ್ಳುತ್ತೇನೆ, ನಿಮಗೊಂದು ಪೆನ್ ಡ್ರೈವಿನಲ್ಲಿ ಕೊಡುತ್ತೇನೆ, ನಿಮ್ಮ ಕಡೆಯಿಂದ ಏನೂ ಬೇಡ ಎಂದರು. "ಆರ ಹಾಡ ಆದ್ರ ಒಂದ ಆಲ್ಬಮ್ ಆಗ್ತದ್ರಿ" ಎಂದರು. ಅಕ್ಕ ಹಾಡಿ ಹಾಡಿ ಮುದುಕಿಯಾಗಿದ್ದಳು. ಆಲ್ಬಮ್ ಎಂಬುದು ಆಕೆಗೆ ಅದೇ ಮೊದಲನೆಯದು. ಅದೇ ಕಡೆಯದು ಎಂಬುದೂ ನಮಗೆಲ್ಲ ಗೊತ್ತಿತ್ತು.

ಸ್ಟುಡಿಯೋ ಮೇಲ್ಮಹಡಿಯಲ್ಲಿತ್ತು. ಗೋಡೆಗೆಲ್ಲ ಹಾಸಿಗೆಯಂಥ ಸ್ಪಂಜು. ಅಕ್ಕನ ಕಿವಿಗೆ ಎರಡೂ ಕಡೆ ಮುಚ್ಚುವ ಹೆಡ್‌ಫೋನ್ ಹಾಕಿದರು. ಆಕೆ ಎಡಗಡೆಯದನ್ನಷ್ಟೇ ಇಟ್ಟುಕೊಂಡು ಬಲಗಡೆಯದನ್ನು ಕಿವಿಯ ಹಿಂದೆ ಸರಿಸಿದಳು. ಆಮೇಲೆ ಗಾಜಿನ ಆಚೆ ಕುಳಿತ ಅವರಿಗೆ ಕೇಳಿದಳು, "ಯಾರ ಮನಿದು ಹಾಡಲ್ರಿ?"

"ಎಲ್ಲಾರ ಮನಿದೂ ಅಂದ್ಕೋರಿ ಅಮ್ಮಾ. ಜನರಲ್ಲಾಗಿ ಹಾಡ್ರಿ."

"ಎಲ್ಲಾರ ಮನಿ ಅಂದ್ರ ಯಾರ ಮನಿನೂ ಅಲ್ರಿ. ಕೂಸಿಲ್ಲದ ತೊಟ್ಟಿಲ ತೂಗಿದ್ರ ಕೇಡ ಅಂತಾರ. ಹೆಸರಿಲ್ಲದ ಹಾಡೂ ಹಂಗೇ."

"ರೆಕಾರ್ಡಿಂಗ್ ಅಷ್ಟೇ ಅಲ್ರಿ ಇದು."

"ಹಾಡ ಹಾಡೇ ಅಲ್ರಿ?"

ಅವರು ತಲೆ ಕೆರೆದುಕೊಂಡರು. ಒಂದು ತಾಸು ಹಾಗೇ ಹೋಯಿತು. ಅಕ್ಕ ಬಾಯಿ ತೆರೆಯುತ್ತಾಳೆ, ಹೆಸರಿನ ಜಾಗಕ್ಕೆ ಬಂದ ಕೂಡಲೇ ನಿಲ್ಲುತ್ತಾಳೆ. ನೀರು ಕುಡಿಯುತ್ತಾಳೆ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾಳೆ. ಕಡೆಗೆ ಸೋತ ಅವರೇ, "ಆಯ್ತು ತಗೋರಿ, ನನ್ನ ತಂಗಿ ಮದಿವಿ ಮಾಡೀನಿ ಈಗ, ಆಕೀದು ಹಾಡ್ರಿ" ಎಂದರು. ಅಕ್ಕನ ಮುಖ ಅರಳಿತು. ತಂಗಿಯ ಹೆಸರು, ಗಂಡನ ಹೆಸರು, ಅತ್ತೆ ಮಾವನ ಹೆಸರು, ಎಲ್ಲ ಕೇಳಿಕೊಂಡು ಮದುವೆಯ ಹಾಡನ್ನು ಒಂದೇ ಉಸಿರಿಗೆ ಹಾಡಿದಳು. ಗಾಜಿನ ಆಚೆ ಆ ಮನುಷ್ಯ ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತು ಕುಳಿತಿದ್ದರು.

ಆಮೇಲೆ ತಡವಾಗಲಿಲ್ಲ. ಕೆಳಗೆ ಚಹಾ ಮಾರುವಾಕೆಯ ಮನೆಗೊಂದು ಹಾಡು. ಮಾಸ್ತರರ ಮನೆಗೆ ಎರಡು. ಬೀಸುವ ಪದವನ್ನು ಯಾರ ಹೆಸರಿಗೆ ಹಾಡಿದಳು ಗೊತ್ತೇ? ಡಾಕ್ಟರರ ಹೆಸರಿಗೆ.

"ಹುಚ್ಚಿ, ಆತನಿಗ್ಯಾಕ?" ಎಂದೆ ನಾನು.

"ನನ್ನ ದನಿ ತಗೊಂಡ ಹೋಗೋನಲ್ಲ ಆತ. ಬರೇ ಗಡ್ಡಿ ತಗೊಂಡ ಹೋದ್ರ ಹ್ಯಾಂಗ, ಒಂದ ಹಾಡೂ ಹೋಗ್ಲಿ ಆತನ ಮನಿಗಿ."

ತೊಟ್ಟಿಲ ಪದವನ್ನು ಕಡೆಗೆ ಇಟ್ಟುಕೊಂಡಿದ್ದಳು. ಯಾರನ್ನೂ ಏನೂ ಕೇಳಲಿಲ್ಲ. ದಾನೇಲಪ್ಪನ ಮನಿ ಕೂಸ, ಪ್ರಭಾಕರನ ಮಡಿಲ ಕೂಸ, ಎಸ್ತೇರಿ ಹಡೆದ ಕೂಸ. ದಾನೇಲಪ್ಪ ನನ್ನ ಗಂಡ, ತೀರಿಕೊಂಡು ಆರು ವರ್ಷವಾಗಿತ್ತು. ಆ ಹೆಸರು ಆ ಒಡೆದ ದನಿಯಲ್ಲಿ ಬಂದಾಗ ನನಗೆ ಸೊಲ್ಲು ಹಿಡಿಯಲಾಗಲಿಲ್ಲ, ಎರಡನೆಯ ಸಲ ಹಾಡಿಸಬೇಕಾಯಿತು. ಕೂಸಿನ ಹೆಸರು ಬರಬೇಕಾದ ಜಾಗದಲ್ಲಿ ಅಕ್ಕ ಏನೂ ಅನ್ನದೆ ಬರೀ ಬಳೆ ಅಲುಗಿಸಿದಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು, "ಜಾಗಾ ಬಿಟ್ಟೀನಿ ನೋಡು. ಕೂಸ ಬಂದ ದಿನ ಹಾಡ ಹಚ್ಚಿ, ಬಳಿ ಸಪ್ಪಳ ಬಂದಲ್ಲಿ ನೀ ಹೆಸರ ಹೇಳು."

ಹಾಡೆಲ್ಲ ಮುಗಿದರೂ ಬಸ್ಸಿಗೆ ಹೊತ್ತಿತ್ತು. ಅಕ್ಕ ಅಷ್ಟೂರದ ಅರಸರ ಗೋರಿ ನೋಡಬೇಕು ಎಂದಳು. ಆಟೋ ಹಿಡಿದು ಹೋದೆವು. ಆ ದೊಡ್ಡ ದೊಡ್ಡ ಗೋರಿಗಳ ಮುಂದೆಲ್ಲ ನಿಂತು, "ಇಂವನ ಹೆಸರೇನ್ರಿ? ಇಂವನ ತಾಯಿ ಯಾರ್ರಿ?" ಎಂದು ಕಾವಲುಗಾರನ ಜೀವ ತಿಂದಳು. ಒಂದು ಸಣ್ಣ ಗೋರಿಯ ಹೆಸರು ಅವನಿಗೂ ಗೊತ್ತಿರಲಿಲ್ಲ. ಅಕ್ಕ ಅದರ ಕಲ್ಲಿಗೆ ಕೈಯಿಟ್ಟಳು. "ಪಾಪ" ಎಂದಳು. ಅರಸರ ಗೋರಿಗಳಿಗೆ ಆಕೆ ಪಾಪ ಎಂದಿರಲಿಲ್ಲ.

ಈಗ ನನ್ನ ವಿಷಯ ಬರೆಯಬೇಕು. ಇಲ್ಲಿಯವರೆಗೆ ಓಡಿ ಬಂದ ಕೈ ಇಲ್ಲಿ ನಿಲ್ಲುತ್ತಿದೆ.

ಆಪರೇಶನ್ನಿನ ಹಿಂದಿನ ದಿನ ಅಕ್ಕ ದವಾಖಾನೆಯಲ್ಲಿ ಮಲಗಿದ್ದಳು. ಹಾಡು ಸಿದ್ಧವಾಗಿದೆ, ಒಮ್ಮೆ ಕೇಳಿ ಹೋಗಿ ಎಂದು ಸ್ಟುಡಿಯೋದವರು ಫೋನ್ ಮಾಡಿದರು. ನಾನೊಬ್ಬಳೇ ಹೋದೆ. ಸೆಕೆಗೆ ಕಿಟಕಿ ತೆರೆದಿತ್ತು. ಅವರು ದೊಡ್ಡ ಸ್ಪೀಕರಿನಲ್ಲಿ ತೊಟ್ಟಿಲ ಪದ ಹಚ್ಚಿದರು. ನಮ್ಮ ಮನೆಯ ಹೆಸರುಗಳು ಒಂದೊಂದಾಗಿ ಬೀದರಿನ ಬೀದಿಗೆ ಬಿದ್ದವು. ಎಸ್ತೇರಿ ಹಡೆದ ಕೂಸ, ಎಸ್ತೇರಿ ಹಡೆದ ಕೂಸ. ಚಹಾ ಕೊಡಲು ಮೇಲೆ ಬಂದಿದ್ದ ಆ ಹೆಂಗಸು ನಗುತ್ತ ಕೇಳಿದಳು, "ಯಾರ ಮನಿದ್ರಿ ಇದು? ಕೂಸ ಎಷ್ಟ ದೊಡ್ಡದಾಗ್ಯದ?"

ಕೂಸು ಎಲ್ಲಿತ್ತು? ಹತ್ತು ವರ್ಷ ಬರಿದಾದ ಹೊಟ್ಟೆ. ಹುಟ್ಟದ ಕೂಸಿನ ಹಾಡು ಸಂತೆಯ ತುಂಬ, ಮೊಬೈಲಿನ ತುಂಬ ಸುತ್ತಿದರೆ ಎಷ್ಟು ಕಣ್ಣು ಬೀಳುತ್ತವೆ! ದೃಷ್ಟಿ ತಾಗಿದರೆ ಬರುವ ಕೂಸೂ ಬರಲಿಕ್ಕಿಲ್ಲ. ನಮ್ಮ ಪಾಸ್ಟರು ಪ್ರತಿ ವರ್ಷ ಹೇಳುತ್ತಾರೆ, ದೃಷ್ಟಿಗಿಷ್ಟಿ ನಂಬುವುದು ಅವಿಶ್ವಾಸ ಎಂದು. ನಾನೂ ಆಮೆನ್ ಎಂದವಳೇ. ಆ ದಿನ ಸ್ಪೀಕರಿನ ಮುಂದೆ ಅದೆಲ್ಲ ಎಲ್ಲಿ ಹೋಯಿತೋ.

"ಸಾಹೇಬ್ರ, ನಮ್ ಮನಿ ಹೆಸರ ತಗೀಲಾಕ ಬರ್ತದೇನ್ರಿ?"

"ಯಾಕ್ರಿ ಅಮ್ಮಾ? ಹೆಸರಿಂದೇ ಚಂದ ಆಗ್ಯದ."

"ತಗೀರಿ ಅಂದ್ರ ತಗೀರಿ."

"ಒಂದರಾಗ ತಗದ್ರ ಎಲ್ಲಾದ್ರಾಗೂ ತಗೀಬೇಕಾಗ್ತದ್ರಿ, ಇಲ್ಲಾಂದ್ರ ಒಂದಕ್ಕೊಂದ ಹೊಂದಲ್ಲ. ಆ ಅಮ್ಮನಿಗಿ ಕೇಳೀರೇನು?"

"ಕೇಳೀನ್ರಿ" ಎಂದೆ.

ಕೇಳಿರಲಿಲ್ಲ. ಅಲ್ಲಿಂದ ದವಾಖಾನೆಗೆ ನಡೆದು ಹೋಗುವಷ್ಟೇ ದೂರ. ಆಕೆಗೆ ಇನ್ನೂ ದನಿಯಿತ್ತು. ಕೇಳಿದ್ದರೆ ಬೈಯುತ್ತಿದ್ದಳು, ಆಮೇಲೆ ನನ್ನ ಅಂಜಿಕೆಗೆ ಏನಾದರೊಂದು ದಾರಿ ಹುಡುಕುತ್ತಿದ್ದಳು. ಹೋಗಿ ತಲೆಯ ಹತ್ತಿರ ಕೂತೆ. "ಹ್ಯಾಂಗ ಬಂದದ?" ಎಂದಳು. "ಭಾಳ ಚಂದ ಬಂದದ" ಎಂದೆ. ಆಕೆ ನನ್ನ ಕೂಡ ಆಡಿದ ಕಡೆಯ ಮಾತು ಅದೇ, ಹ್ಯಾಂಗ ಬಂದದ ಎಂಬುದು.

ಆಪರೇಶನ್ ಆಯಿತು. ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು, ಅದಕ್ಕೊಂದು ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ನನ್ನನ್ನು ಕರೆಯಬೇಕಾದರೆ ತಾಟಿಗೆ ಚಮಚದಿಂದ ಬಡಿಯುತ್ತಿದ್ದಳು, ಮೂರು ಸಲ. ನೆಗೆಣ್ಣಿಯನ್ನು ಕರೆಯಬೇಕಾದರೆ ಒಂದೇ ಸಲ, ಜೋರಾಗಿ. ಸನ್ನೆಯಲ್ಲಿಯೂ ಆಕೆ ಚೇಷ್ಟೆ ಬಿಡಲಿಲ್ಲ. ಊರಲ್ಲಿ ಯಾರನ್ನು ಬೇಕಾದರೂ ಕೈಕಾಲಿನಿಂದಲೇ ಅಣಕಿಸಿ ತೋರಿಸುತ್ತಿದ್ದಳು. ನನ್ನನ್ನು ತೋರಿಸಬೇಕಾದರೆ ಎರಡು ಕೈಯಿಂದ ದೊಡ್ಡ ಪಾತ್ರೆ ತಿರುವಿ, ರುಚಿ ನೋಡಿ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವುದು.

ಪೆನ್ ಡ್ರೈವ್ ಬಂತು. ಮಾಸ್ತರರು ಹಾಡುಗಳನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟರು. ಒಂದು ಮಧ್ಯಾಹ್ನ ಅಕ್ಕನ ಪಡಸಾಲೆಯಲ್ಲಿ ಕೂತು ಹಚ್ಚಿದೆ. ಹಚ್ಚದಿರಲು ಆಗುತ್ತಿರಲಿಲ್ಲ, ಮೂರು ದಿನದಿಂದ ತಾಟು ಬಡಿಯುತ್ತಿದ್ದಳು. ತನ್ನ ದನಿ ಕೇಳಿ ಮೊದಲು ನಕ್ಕಳು, ಎಡಗಿವಿ ಮುಚ್ಚಿಕೊಂಡಳು. ಎಳಿಬಿಸಲು ಬಂತು, ಗಿಣಿಹಿಂಡು ಕೇಳಿತು. ಹೆಸರು ಬರಬೇಕಾದಲ್ಲಿ ಕೀಬೋರ್ಡಿನ ಸಪ್ಪಳ ಬಂತು, ಟಿಂವ್ ಟಿಂವ್ ಎಂದು. ಅದರ ಹಿಂದೆಯೇ ನನ್ನ ದನಿ, ಗಟ್ಟಿಯಾಗಿ, ಹೌದವ್ವ ಹೌದ, ನಮ್ಮ ಕೂಸ. ಮತ್ತೆ ಟಿಂವ್ ಟಿಂವ್. ಮತ್ತೆ ನಾನು ಹೌದವ್ವ ಹೌದ. ಬಳೆಯ ಸಪ್ಪಳವೂ ಹೋಗಿತ್ತು.

ಅಕ್ಕ ಕೈಯೆತ್ತಿ ಹಾಡು ನಿಲ್ಲಿಸಿದಳು. ಬೆರಳು ಒಂದೊಂದೇ ಮಡಿಚಿದಳು, ದಾನೇಲಪ್ಪ, ಪ್ರಭಾಕರ, ಎಸ್ತೇರ್. ಆಮೇಲೆ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು. ಎಲ್ಲಿ?

ನಾನು ಹೇಳಿದೆ: "ಆ ಸ್ಟುಡಿಯೋದಾಂವ ತಗದಾನಕ್ಕಾ. ನನಗ ಗೊತ್ತೇ ಇಲ್ಲ."

ಅಕ್ಕ ಮೊಬೈಲಿನ ಕಡೆ ಬೆರಳು ತೋರಿಸಿದಳು. ಉಳಿದ ಐದು ಹಾಡನ್ನೂ ಹಚ್ಚಿಸಿ ಕೇಳಿದಳು, ಡಾಕ್ಟರರದ್ದೂ. ಒಂದರಲ್ಲಿಯೂ ಯಾರೂ ಇರಲಿಲ್ಲ. ಮುಗಿದ ಮೇಲೆ ಮೊಬೈಲನ್ನು ನನ್ನ ಮಡಿಲಿಗಿಟ್ಟು, ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ಅದನ್ನು ಮತ್ತೆ ಹಚ್ಚು ಎನ್ನಲಿಲ್ಲ. ಆ ಚಾನೆಲ್ಲಿನಲ್ಲಿಯೂ ಕೇಳಿದವರು ಕಡಿಮೆಯೇ. ಎಲ್ಲರ ಮನೆಯದೂ ಆದ ಹಾಡನ್ನು ಯಾವ ಮನೆಯವರೂ ತಮ್ಮದು ಎನ್ನಲಿಲ್ಲ.

ಇನ್ನೂ ಒಂದು ಇದೆ. ಅಕ್ಕ ತೀರಿಕೊಳ್ಳುವ ಹದಿನೈದು ದಿನ ಮೊದಲು ಎಸ್ತೇರ್ ಫೋನ್ ಮಾಡಿ, "ಅತ್ತಿ, ಈ ಸಲ ಖರೇನೇ" ಎಂದು ಅತ್ತಳು. ಎರಡು ತಿಂಗಳು. ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಅಕ್ಕನಿಗೆ ಹೇಳಲು ಬೇವಿನ ಮರದವರೆಗೆ ಓಡಿದೆ. ಅಲ್ಲಿ ನಿಂತೆ. ಮೂರು ತಿಂಗಳು ತುಂಬುವ ಮೊದಲು ಯಾರಿಗೂ ಹೇಳಬಾರದು ಎನ್ನುತ್ತಾರಲ್ಲ. ಇಷ್ಟು ದಿನ ಕಾದಿದ್ದೇವೆ, ಇನ್ನೊಂದು ತಿಂಗಳು ತಡೆದರಾಯಿತು ಎಂದು ತಿರುಗಿ ಬಂದೆ. ಮತ್ತೆ ಅದೇ ಅಂಜಿಕೆ, ಮತ್ತೆ ಅದೇ ನಾನು. ಆ ತಿಂಗಳು ತುಂಬುವ ಮೊದಲೇ ಅಕ್ಕ ಹೋಗಿಬಿಟ್ಟಳು. ಆಕೆಗೆ ಏನೂ ತಿಳಿಯಲಿಲ್ಲ.

ಮಣ್ಣು ಮಾಡಿದ ಮೇಲೆ ಸ್ಟುಡಿಯೋಕ್ಕೆ ಹೋದೆ. ಹೆಸರಿದ್ದ ಹಾಡು ಕೊಡಿ ಎಂದು ಕೇಳಿದೆ. ಆ ಮನುಷ್ಯ ನೀರು ಕೊಟ್ಟು ಕೂರಿಸಿದರು. ಕಂಪ್ಯೂಟರ್ ಬದಲಿಸಿದ್ದರಂತೆ, ಹಳೆಯದರಲ್ಲಿ ಪೂರ್ತಿಯಾದದ್ದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅಳಿಸಿದ್ದರಂತೆ. "ನಮ್ ತಂಗಿದೂ ಹೋತ್ರಿ ಅದರಾಗ" ಎಂದರು. ಮತ್ತೆ, "ನೀವೇ ಕೇಳೀನಿ ಅಂದ್ರಲ್ರಿ ಅಮ್ಮಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಕೂಸು ಬಂತು. ಬಂತಲ್ಲ! ಬರೆಯುವಾಗಲೂ ನಗು ಬರುತ್ತದೆ, ಏನು ಮಾಡಲಿ. ಭಾಲ್ಕಿಯಲ್ಲಿ ತೊಟ್ಟಿಲ ಕಾರ್ಯ ಇಟ್ಟುಕೊಂಡೆವು. ಪಾಸ್ಟರು ಬಂದು ಪ್ರಾರ್ಥನೆ ಮಾಡಿ ಹೋದರು. ಆಮೇಲೆ ನಮ್ಮ ರೂಢಿಯಂತೆ ನನ್ನ ಮಗಳು, ಅಂದರೆ ಕೂಸಿನ ಸೋದರತ್ತೆ, ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ಹೇಳುವಾಗ ಆಕೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದಬೇಕು. ಧಪ ಧಪ ಗುದ್ದಿದರು. "ಏ, ಸಾಯ್ತೇನಿ ಬಿಡ್ರೇ!" ಎಂದು ಆಕೆ ಕೂಗಿದಳು. ಮನೆ ತುಂಬ ನಗು.

"ಇನ್ನ ಹಾಡ್ರಿ ಯಾರರೆ" ಎಂದರು ಯಾರೋ. ಎಲ್ಲರೂ ನನ್ನ ಮುಖ ನೋಡಿದರು. ಅಕ್ಕನ ಹಿಂದೆ ಹಾಡಿದವಳು ನಾನೊಬ್ಬಳೇ ಉಳಿದಿದ್ದೆ. ಎಡಗೈ ಕಿವಿಯ ಹತ್ತಿರ ಒಯ್ದೆ. ಮೊದಲ ಸಾಲಿನ ಮಾತುಗಳೆಲ್ಲ ಗೊತ್ತು, ಇಲ್ಲಿ ಬರೆದೇ ಇದ್ದೇನಲ್ಲ. ಆದರೆ ಎತ್ತುವ ದನಿ ಬರಲಿಲ್ಲ. ನಲವತ್ತು ವರ್ಷ ಆಕೆ ಎತ್ತಿದಳು, ನಾನು ಹಿಡಿದೆ. ಎಲ್ಲಿಂದ ಎತ್ತುತ್ತಿದ್ದಳು ಎಂದು ಒಂದು ದಿನವೂ ನೋಡಿರಲಿಲ್ಲ. "ಅತ್ತಿ, ಆ ರೆಕಾರ್ಡ್ ಅದಲ್ರಿ, ಅದೇ ಹಚ್ಚಲೇನು?" ಎಂದಳು ಎಸ್ತೇರ್. "ಬ್ಯಾಡವ್ವ" ಎಂದೆ.

ಊಟಕ್ಕೆ ಎಲೆ ಹಾಕಿದರು. ಅಕ್ಕನ ನೆಗೆಣ್ಣಿಯೂ ಊರಿನಿಂದ ಬಸ್ಸು ಹಿಡಿದು ಬಂದಿದ್ದಳು. ಆಕೆಗೆ ಗೋಧಿ ಹುಗ್ಗಿ ನೀಡಲು ಬಗ್ಗಿದಾಗ ಕೇಳಿದಳು, "ಯಾಕ ಹಚ್ಚಗೊಡ್ಲಿಲ್ಲ ನೀ? ಸತ್ತಾಕಿ ದನಿ ಬ್ಯಾಡಾತೇನು?"

ಹುಗ್ಗಿಯ ಬೋಗುಣಿ ಕೆಳಗಿಟ್ಟೆ. ಆಕೆಯ ಪಕ್ಕ ಕೂತು, ಕಿಟಕಿ ತೆರೆದಿದ್ದ ಆ ದಿನದಿಂದ ಎಲ್ಲವನ್ನೂ ಹೇಳಿದೆ. ಹೆಸರು ತೆಗೆಸಿದ್ದು ನಾನೇ ಎಂದೆ. ಸ್ಟುಡಿಯೋದವರ ಮೇಲೆ ಹಾಕಿದ್ದು ಸುಳ್ಳು ಎಂದೆ. ಬಸುರಿಯ ಸುದ್ದಿ ಮುಚ್ಚಿಟ್ಟೆ ಎಂದೆ. ಆಕೆ ಉಣ್ಣುತ್ತಲೇ ಕೇಳಿದಳು. ಬೈದಾಳು ಎಂದು ಕಾದೆ. ಪರವಾಗಿಲ್ಲ ಎಂದಾಳೇನೋ ಎಂದೂ ಕಾದೆ.

"ಇದು ಆಕಿಗಿ ಹೇಳೋದಿತ್ತು" ಎಂದಳು. "ನನಗ್ಯಾಕ ಹೇಳ್ತಿ? ಜರಾ ತುಪ್ಪ ನೀಡು."

ನೀಡಿದೆ. ಒಳಗೆ ಕೂಸು ಎದ್ದು ಅಳತೊಡಗಿತು. ಸೊಸೆಯ ಗೆಳತಿಯೊಬ್ಬಳು ತೊಟ್ಟಿಲ ಹತ್ತಿರ ಮೊಬೈಲ್ ಹಿಡಿದು ಯಾವುದೋ ಸಿನಿಮಾದ ಹಾಡು ಹಚ್ಚಿದಳು. ಸ್ವಲ್ಪ ಹೊತ್ತಿಗೆ ಕೂಸು ಸುಮ್ಮನಾಯಿತು.